ಮೊದಲು ಮೌನ, ಈಗ ನಿಲ್ಲದ ಮಾತು: ನಮ್ಮ ಜಾಲತಾಣ ಸ್ಕ್ರೀನ್ ರೀಡರ್‌ಗೆ ಒಗ್ಗುತ್ತಿಲ್ಲವೇಕೆ?

ಪ್ರಶ್ನೆ: ವೈದ್ಯರ ಭೇಟಿಗೆ ಸಮಯ ಕಾಯ್ದಿರಿಸುವ ಜಾಲತಾಣವೊಂದನ್ನು ನಾವು ಐದು ಮಂದಿ ಸೇರಿ ನಡೆಸುತ್ತಿದ್ದೇವೆ. ನಾನು ಅದರ ಡೆವಲಪರ್. ಆರು ತಿಂಗಳ ಹಿಂದೆ, ಪುಟದಲ್ಲಿರುವುದನ್ನು ಧ್ವನಿಯಲ್ಲಿ ಹೇಳುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಬಳಸುವ, ದೃಷ್ಟಿಯಿಲ್ಲದ ಮಹಿಳೆಯೊಬ್ಬರು ಪತ್ರ ಬರೆದು, ನಿಮ್ಮ ಪುಟದಲ್ಲಿ ‘ಬಟನ್, ಬಟನ್, ಬಟನ್’ ಎನ್ನುವುದರ ಹೊರತು ಏನೂ ಕೇಳಿಸುತ್ತಿಲ್ಲ ಎಂದಿದ್ದರು. ನಮಗೆ ನಿಜಕ್ಕೂ ಬೇಸರವಾಯಿತು. ಪ್ರತಿ ಚಿತ್ರಕ್ಕೂ, ಪ್ರತಿ ಗುಂಡಿಗೂ, ಪ್ರತಿ ಪೆಟ್ಟಿಗೆಗೂ ಏರಿಯಾ-ಲೇಬಲ್, ಅಂದರೆ ಪರದೆಯಲ್ಲಿ ಕಾಣದೆ ಸ್ಕ್ರೀನ್ ರೀಡರ್ ಓದಿ ಹೇಳುವ ಹೆಸರು, ಬರೆದೆವು. ಸ್ವಯಂಚಾಲಿತ ಪರೀಕ್ಷೆಯಲ್ಲಿ ಈಗ 98 ಅಂಕ ಬರುತ್ತಿದೆ. ಮೊನ್ನೆ ಅವರದೇ ಇನ್ನೊಂದು ಪತ್ರ ಬಂತು: ‘ಮೊದಲು ಪುಟ ಮೂಕವಾಗಿತ್ತು, ಈಗ ಮಾತು ನಿಲ್ಲಿಸುವುದಿಲ್ಲ. ದಿನಾಂಕ ಆರಿಸಲು ಇಂದಿಗೂ ಆಗಿಲ್ಲ. ಕೊನೆಯ ಗುಂಡಿ ಒತ್ತಿದ ಮೇಲೆ ಏನಾಯಿತೆಂದೂ ತಿಳಿಯುವುದಿಲ್ಲ.’ ಅಂಧರಿಗೆಂದೇ ಒಂದು ಸರಳ ಪುಟ ಮಾಡಿಬಿಡೋಣ, ಇಲ್ಲವೇ ಒಂದೇ ಸಾಲಿನ ಕೋಡ್‌ನಿಂದ ಎಲ್ಲವನ್ನೂ ಸರಿಪಡಿಸುವ ವಿಜೆಟ್ ಕೊಳ್ಳೋಣ ಎನ್ನುತ್ತಾರೆ ನಮ್ಮ ವ್ಯವಸ್ಥಾಪಕರು. ನಾನೇ ಅರ್ಧ ಗಂಟೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬಳಸಿ ನೋಡಿದೆ, ತಲೆನೋವು ಬಂತು. ಒಂದೇ ಪುಟ ಕಣ್ಣಿರುವವರಿಗೂ ಇಲ್ಲದವರಿಗೂ ಸಲ್ಲುವುದು ಸಾಧ್ಯವೇ? ಪುಟದ ಕೊಂಡಿಯನ್ನೂ ಕಳಿಸಿದ್ದೇನೆ.

ಉತ್ತರ: ಸಾಧ್ಯ. ಬೇರೆ ಪುಟವೂ ಬೇಡ, ವಿಜೆಟ್ಟೂ ಬೇಡ. ಹಾಗೆಂದು ನಿಮ್ಮ ಮುಂದಿರುವ ಕೆಲಸ ಸಣ್ಣದಲ್ಲ. ಅದರ ದೊಡ್ಡ ಪಾಲು ಈ ಆರು ತಿಂಗಳಲ್ಲಿ ನೀವು ಸೇರಿಸಿದ್ದನ್ನು ಅಳಿಸುವುದೇ ಆಗಿದೆ. ಶ್ರದ್ಧೆಯಿಂದ ಮಾಡಿದ ಕೆಲಸವನ್ನು ಅಳಿಸಿ ಎನ್ನಲು ನನಗೂ ಹಿತವಿಲ್ಲ.

ನಾನು ಹುಟ್ಟಿನಿಂದ ದೃಷ್ಟಿಯಿಲ್ಲದವನು. ಹದಿನೆಂಟು ವರ್ಷಗಳಿಂದ ಜಾಲತಾಣಗಳನ್ನೂ ತಂತ್ರಾಂಶಗಳನ್ನೂ ಸ್ಕ್ರೀನ್ ರೀಡರ್ ಇಟ್ಟುಕೊಂಡು ಪರೀಕ್ಷಿಸುವುದೇ ನನ್ನ ಉದ್ಯೋಗ. ನಿಮ್ಮ ಪುಟದಲ್ಲಿ ಒಂದು ಸಂಜೆ ಓಡಾಡಿ ಬಂದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಆ ಮಹಿಳೆಯ ಎರಡು ಪತ್ರಗಳಲ್ಲಿರುವುದು ಒಂದೇ ದೂರು. ಮೊದಲ ಸಲ ಅವರಿಗೆ ಬೇಕಾದದ್ದು ಸಿಗಲಿಲ್ಲ. ಎರಡನೆಯ ಸಲ ಬೇಡದ್ದರ ರಾಶಿಯಲ್ಲಿ ಬೇಕಾದದ್ದು ಹೂತುಹೋಯಿತು. ಎರಡಕ್ಕೂ ಬೇರು ಒಂದೇ ತಪ್ಪು ನಂಬಿಕೆಯಲ್ಲಿದೆ: ಸ್ಕ್ರೀನ್ ರೀಡರ್ ಎಂದರೆ ಪರದೆಯ ಮೇಲಿರುವುದನ್ನು ಮೇಲಿನಿಂದ ಕೆಳಗೆ ಓದಿ ಹೇಳುವ ಯಂತ್ರ, ಆದ್ದರಿಂದ ಅದಕ್ಕೆ ಹೇಳಲು ಸಾಕಷ್ಟು ಮಾತು ಒದಗಿಸಿದರೆ ಆಯಿತು ಎಂಬ ನಂಬಿಕೆ.

ಈ ನಂಬಿಕೆ ಒಂದು ಕಾಲಕ್ಕೆ ನಿಜವೇ ಆಗಿತ್ತು. ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದ ಪರದೆಯೆಂದರೆ 80 ಅಕ್ಷರಗಳ 25 ಸಾಲುಗಳು. ಆ ಅಕ್ಷರಗಳು ಕಂಪ್ಯೂಟರಿನ ಸ್ಮೃತಿಯಲ್ಲಿ ಅಕ್ಷರಗಳಾಗಿಯೇ ಕುಳಿತಿರುತ್ತಿದ್ದವು, ಓದುವ ತಂತ್ರಾಂಶ ಅಲ್ಲಿಂದಲೇ ಎತ್ತಿಕೊಳ್ಳುತ್ತಿತ್ತು. ಇಂದಿಗೂ ಬಳಕೆಯಲ್ಲಿರುವ ಜಾಸ್ ಎಂಬ ಸ್ಕ್ರೀನ್ ರೀಡರ್ 1989ರಲ್ಲಿ ಹುಟ್ಟಿದ್ದು ಹಾಗೆ, ಡಾಸ್‌ಗಾಗಿ. ಚಿತ್ರರೂಪದ ಕಿಟಕಿಗಳು ಬಂದಾಗ ಆ ನೆಲವೇ ಜಾರಿತು. ಪರದೆಯಲ್ಲಿ ಈಗ ಇದ್ದದ್ದು ಬಣ್ಣದ ಚುಕ್ಕೆಗಳು, ಅವುಗಳಲ್ಲಿ ಅಕ್ಷರವೆಲ್ಲಿ, ಗುಂಡಿಯೆಲ್ಲಿ? ಕೆಲವು ವರ್ಷ ಸ್ಕ್ರೀನ್ ರೀಡರ್‌ಗಳು ‘ಇಲ್ಲಿ ಈ ಅಕ್ಷರ ಬರೆ’ ಎಂದು ಪ್ರೋಗ್ರಾಮುಗಳು ಕೊಡುವ ಆಜ್ಞೆಗಳನ್ನು ನಡುದಾರಿಯಲ್ಲಿ ಹಿಡಿದು, ಪರದೆಯ ನೆರಳು ಪ್ರತಿಯೊಂದನ್ನು ತಾವೇ ಕಟ್ಟಿಕೊಂಡು ಕಾಲ ಹಾಕಿದವು. ಊಹೆಯ ಮೇಲೆ ನಡೆಯುವ ಕೆಲಸ ಅದು, ಆಗಾಗ ಕುಸಿಯುತ್ತಿತ್ತು. 1990ರ ದಶಕದ ಕೊನೆಯಲ್ಲಿ ಆಪರೇಟಿಂಗ್ ಸಿಸ್ಟಂಗಳೇ ಒಂದು ಒಪ್ಪಂದವನ್ನು ತಂದವು: ಪ್ರತಿ ಪ್ರೋಗ್ರಾಮು ತನ್ನ ಒಂದೊಂದು ಭಾಗದ ಹೆಸರೇನು, ಅದು ಯಾವ ಬಗೆಯದು, ಯಾವ ಸ್ಥಿತಿಯಲ್ಲಿದೆ, ಅದರೊಳಗಿನ ಮೌಲ್ಯವೇನು ಎಂದು ಕೇಳಿದವರಿಗೆ ತಾನೇ ಹೇಳಬೇಕು. ಬ್ರೌಸರ್ ಇಂದು ನಿಮ್ಮ ಪುಟದಿಂದ ಕಟ್ಟುವ ಅಕ್ಸೆಸಿಬಿಲಿಟಿ ಟ್ರೀ, ಅಂದರೆ ಈ ವಿವರಗಳನ್ನು ಜೋಡಿಸಿಟ್ಟ ಮರ, ಈ ಒಪ್ಪಂದದ ಮುಂದುವರಿಕೆ. ನನ್ನ ಎನ್‌ವಿಡಿಎ ನಿಮ್ಮ ಪುಟಕ್ಕೆ ಬಂದಾಗ ಅದರ ಕೈಗೆ ಸಿಗುವುದು ಈ ಮರ. ನಿಮ್ಮ ಬಣ್ಣ, ನೆರಳು, ದುಂಡಗಿನ ಅಂಚು ಯಾವುದೂ ಅದರಲ್ಲಿಲ್ಲ.

ನಿಮ್ಮದೇ ಪುಟದ ಒಂದು ಗುಂಡಿಯನ್ನು ನೋಡೋಣ. ಮೊದಲ ಹಂತದ ಕೊನೆಯಲ್ಲಿ ‘ಮುಂದೆ’ ಎಂಬುದಿದೆ. ಕಣ್ಣಿಗೆ ಅದು ಗುಂಡಿ. ಕೋಡ್‌ನಲ್ಲಿ ಅದು ಬರಿಯ ಡಿವ್, ಅಂದರೆ ತನ್ನದೇ ಅರ್ಥವಿಲ್ಲದ ಚೌಕಟ್ಟು, ಒತ್ತಿದರೆ ಓಡುವ ಒಂದು ಸ್ಕ್ರಿಪ್ಟ್ ಅದಕ್ಕೆ ಅಂಟಿಕೊಂಡಿದೆ. ಟ್ಯಾಬ್ ಕೀ ಒತ್ತುತ್ತ ಬಂದರೆ ಅದು ಸಿಗುವುದೇ ಇಲ್ಲ, ಫೋಕಸ್, ಅಂದರೆ ಕೀಬೋರ್ಡ್ ಆ ಕ್ಷಣ ನಿಂತಿರುವ ಜಾಗ, ಅದನ್ನು ದಾಟಿ ಪುಟದ ಅಡಿಭಾಗಕ್ಕೆ ಹೋಗುತ್ತದೆ. ಬಾಣದ ಕೀಯಿಂದ ಸಾಲು ಸಾಲಾಗಿ ಬಂದರೆ ಸಿಗುತ್ತದೆ, ಆದರೆ ಎಂಟರ್ ಕೀಗೂ ಸ್ಪೇಸ್ ಕೀಗೂ ಉತ್ತರ ಕೊಡಬೇಕೆಂದು ಅದಕ್ಕೆ ಯಾರೂ ಕಲಿಸಿಲ್ಲ. ನೀವು ಅದಕ್ಕೆ ‘ಮುಂದಿನ ಪುಟಕ್ಕೆ ಹೋಗಲು ಈ ಬಟನ್ ಒತ್ತಿ’ ಎಂದು ಏರಿಯಾ-ಲೇಬಲ್ ಬರೆದಿದ್ದೀರಿ. ತಾನು ಯಾವ ಬಗೆಯದೆಂದು ಹೇಳಿಕೊಳ್ಳದ ಡಿವ್‌ಗೆ ಏರಿಯಾ-ಲೇಬಲ್ ಹಾಕುವುದನ್ನು ನಿಯಮವೇ ಒಪ್ಪುವುದಿಲ್ಲ. ಒಂದು ಸ್ಕ್ರೀನ್ ರೀಡರ್ ಅದನ್ನು ಹೇಳಬಹುದು, ಇನ್ನೊಂದು ಬಿಡಬಹುದು. ಈ ಎಲ್ಲವನ್ನೂ ತೆಗೆದು, ಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಆಗಲೇ ಇರುವ ಬಟನ್ ಎಂಬ ಟ್ಯಾಗ್ ಬಳಸಿ ಒಳಗೆ ‘ಮುಂದೆ’ ಎಂದಷ್ಟೇ ಬರೆಯಿರಿ. ‘ಮುಂದೆ, ಬಟನ್’ ಎಂದು ಕೇಳುತ್ತದೆ. ಟ್ಯಾಬ್‌ಗೆ ಸಿಗುತ್ತದೆ, ಎಂಟರ್‌ಗೂ ಸ್ಪೇಸ್‌ಗೂ ಓಗೊಡುತ್ತದೆ. ‘ಬಟನ್’ ಎಂಬ ಮಾತನ್ನು ಸ್ಕ್ರೀನ್ ರೀಡರ್ ತಾನೇ, ಬಳಕೆದಾರರು ಆರಿಸಿಕೊಂಡ ಭಾಷೆಯಲ್ಲಿ ಸೇರಿಸುತ್ತದೆ. ಒತ್ತಿ ಎಂದು ಹೇಳಿಕೊಡುವ ಅಗತ್ಯವೂ ಇಲ್ಲ. ಬಟನ್ ಎಂದ ಮೇಲೆ ಅದನ್ನು ಒತ್ತಬೇಕೆಂದು ನಮಗೆ ಗೊತ್ತು.

ಏರಿಯಾ, ಅಂದರೆ ಇಂಥ ಲೇಬಲ್‌ಗಳ ನಿಯಮಗಳನ್ನು ಬರೆದ, ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಮೊದಲ ಸೂಚನೆಯೇ ಇದು: ಎಚ್‌ಟಿಎಂಎಲ್‌ನಲ್ಲಿ ಸಿದ್ಧ ವಸ್ತು ಇದ್ದರೆ ಅದನ್ನೇ ಬಳಸಿ. ಕೆಟ್ಟ ಏರಿಯಾಗಿಂತ ಏರಿಯಾ ಇಲ್ಲದಿರುವುದೇ ಮೇಲು ಎಂದು ಅವರ ಮಾರ್ಗದರ್ಶಿಯಲ್ಲಿ ಸ್ಪಷ್ಟವಾಗಿಯೇ ಇದೆ. ನೀವು ಒಬ್ಬರೇ ಈ ಹಳ್ಳಕ್ಕೆ ಬಿದ್ದವರಲ್ಲ. ಜಾಲತಾಣಗಳು ಅಂಗವಿಕಲರಿಗೂ ಎಟುಕುವಂತೆ ಮಾಡಲು ದುಡಿಯುವ ವೆಬ್‌ಏಮ್ ಸಂಸ್ಥೆ 2019ರಿಂದ ವರ್ಷಕ್ಕೊಮ್ಮೆ ಹತ್ತು ಲಕ್ಷ ಮುಖಪುಟಗಳನ್ನು ಯಂತ್ರದಿಂದ ಪರೀಕ್ಷಿಸುತ್ತ ಬಂದಿದೆ. ಏರಿಯಾ ಬಳಸಿದ ಪುಟಗಳಲ್ಲಿ ಬಳಸದವುಗಳಿಗಿಂತ ಸರಾಸರಿ ಹೆಚ್ಚು ದೋಷಗಳು ಕಂಡುಬರುತ್ತಿವೆ.

ಲೇಬಲ್‌ಗಳ ಉದ್ದದ ವಿಷಯದಲ್ಲಿ ಕನ್ನಡಕ್ಕೇ ಸೇರಿದ ಒಂದು ತೊಡಕಿದೆ. ಯಾವ ಮಾರ್ಗದರ್ಶಿಯಲ್ಲೂ ಅದನ್ನು ನಾನು ಕಂಡಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ನಿಮ್ಮ ‘ನನ್ನ ಭೇಟಿಗಳು’ ಪುಟದಲ್ಲಿ ಮೂರು ಗುಂಡಿಗಳಿವೆ: ‘ನೀವು ಕಾಯ್ದಿರಿಸಿದ ಭೇಟಿಯ ಸಮಯವನ್ನು ನೋಡಿ’, ‘ನೀವು ಕಾಯ್ದಿರಿಸಿದ ಭೇಟಿಯ ಸಮಯವನ್ನು ಬದಲಿಸಿ’, ‘ನೀವು ಕಾಯ್ದಿರಿಸಿದ ಭೇಟಿಯ ಸಮಯವನ್ನು ರದ್ದುಮಾಡಿ’. ಕಣ್ಣಿರುವವರ ದೃಷ್ಟಿ ನೇರವಾಗಿ ಕೊನೆಯ ಪದಕ್ಕೆ ಹೋಗುತ್ತದೆ. ಕಿವಿಗೆ ಹಾಗೆ ಹೋಗಲಾಗದು, ನಾಲ್ಕು ಪದ ಕೇಳಿದ ಮೇಲೆಯೇ ಐದನೆಯದು. ಅನುಭವಿ ಬಳಕೆದಾರರು ಯಾವ ಗುಂಡಿಯನ್ನೂ ಪೂರ್ತಿ ಕೇಳುವುದಿಲ್ಲ. ಮೊದಲ ಒಂದೆರಡು ಪದ ಕಿವಿಗೆ ಬಿದ್ದೊಡನೆ ಇದಲ್ಲ ಎನಿಸಿದರೆ ಮುಂದಿನದಕ್ಕೆ ಹೋಗುತ್ತಾರೆ. ನಿಮ್ಮ ಮೂರೂ ಗುಂಡಿಗಳು ಅವರಿಗೆ ‘ನೀವು ಕಾಯ್ದಿರಿಸಿದ’ ಎಂದೇ ಕೇಳಿಸುತ್ತವೆ. ‘ನೋಡಿ’, ‘ಬದಲಿಸಿ’, ‘ರದ್ದುಮಾಡಿ’ ಎಂದರೆ ಸಾಕು. ಯಾವ ಭೇಟಿ ಎಂಬುದನ್ನು ಮೇಲಿನ ಶೀರ್ಷಿಕೆ ಹೇಳಲಿ. ಒಂದೇ ಪುಟದಲ್ಲಿ ಹಲವು ಭೇಟಿಗಳಿದ್ದರೆ ‘ರದ್ದುಮಾಡಿ: ಸೋಮವಾರದ ಭೇಟಿ’ ಎಂದಿರಲಿ. ವಾಕ್ಯ ತಲೆಕೆಳಗಾಯಿತೆಂದು ಭಾಷೆಯ ಮೇಲೆ ಅಕ್ಕರೆಯುಳ್ಳವರಿಗೆ ಅನ್ನಿಸಬಹುದು. ಗುಂಡಿಯ ಹೆಸರು ವಾಕ್ಯವಾಗಬೇಕಿಲ್ಲ.

ಬ್ರೈಲ್ ಬಳಸುವವರನ್ನೂ ಇಲ್ಲಿ ನೆನೆಯಬೇಕು. ಸ್ಕ್ರೀನ್ ರೀಡರ್‌ನ ಮಾತೆಲ್ಲ, ಬೆರಳಿಗೆ ತಾಗುವ ಚುಕ್ಕೆಗಳಾಗಿ ಬ್ರೈಲ್ ಪಟ್ಟಿಯ ಮೇಲೂ ಮೂಡುತ್ತದೆ. ನನ್ನ ಮೇಜಿನ ಮೇಲಿರುವ ಪಟ್ಟಿಯಲ್ಲಿ 40 ಕೋಶಗಳಿವೆ, ಚಿಕ್ಕವುಗಳಲ್ಲಿ 14 ಮಾತ್ರ. ನಿಮ್ಮ ಒಂದು ಲೇಬಲ್ ಓದಲು ಪಟ್ಟಿಯನ್ನು ಎರಡು ಮೂರು ಸಲ ಸರಿಸಬೇಕಾಯಿತು. ಕಣ್ಣೂ ಕಿವಿಯೂ ಇಲ್ಲದವರಿಗೆ ಕಂಪ್ಯೂಟರೆಂದರೆ ಬೆರಳಿನಡಿಯ ಆ ಒಂದು ಪಟ್ಟಿಯೇ.

ಇನ್ನು ನಿಮ್ಮ ತಲೆನೋವಿನ ವಿಚಾರ. ಅರ್ಧ ಗಂಟೆ ನೀವು ಟ್ಯಾಬ್ ಕೀ ಒಂದನ್ನೇ ಒತ್ತುತ್ತ ಹೋದಿರಿ ಅಥವಾ ಪುಟವನ್ನು ಮೇಲಿನಿಂದ ಕೆಳಗೆ ಪೂರ್ತಿ ಓದಿಸಿದಿರಿ ಎಂದು ಊಹಿಸುತ್ತೇನೆ. ಮೊದಲ ಸಲ ಬಳಸುವ ಬಹುತೇಕ ಡೆವಲಪರ್‌ಗಳು ಮಾಡುವುದು ಇದನ್ನೇ. ನಾವು ಹಾಗೆ ಬಳಸುವುದಿಲ್ಲ. ಹೊಸ ಪುಟ ತೆರೆದೊಡನೆ ನನ್ನ ಬೆರಳು ಎಚ್ ಕೀ ಮೇಲಿರುತ್ತದೆ. ಒಮ್ಮೆ ಒತ್ತಿದರೆ ಮುಂದಿನ ಶೀರ್ಷಿಕೆ, ಮತ್ತೊಮ್ಮೆ ಒತ್ತಿದರೆ ಅದರ ಮುಂದಿನದು. ಬೇಕಾದ ಭಾಗ ಸಿಕ್ಕಿತೆನಿಸಿದರೆ ಎಫ್ ಒತ್ತಿ ಮೊದಲ ಭರ್ತಿ ಪೆಟ್ಟಿಗೆಗೆ ಹೋಗುತ್ತೇನೆ. ಬಿ ಒತ್ತಿದರೆ ಗುಂಡಿ, ಟಿ ಒತ್ತಿದರೆ ಕೋಷ್ಟಕ. ಜಾಸ್‌ನಲ್ಲೂ ಎನ್‌ವಿಡಿಎಯಲ್ಲೂ ಈ ಕೀಗಳು ಒಂದೇ. ಐಫೋನಿನ ವಾಯ್ಸ್‌ಓವರ್‌ನಲ್ಲಿ ಇದೇ ಕೆಲಸಕ್ಕೆ ಎರಡು ಬೆರಳನ್ನು ಪರದೆಯ ಮೇಲೆ ತಿರುಗಿಸುತ್ತೇವೆ. ಮಾತು ಬೇಡವೆನಿಸಿದಾಗ ಕಂಟ್ರೋಲ್ ಕೀ ಒತ್ತಿ ಸುಮ್ಮನಾಗಿಸುತ್ತೇವೆ, ದಿನಕ್ಕೆ ನೂರಾರು ಸಲ. ಉದ್ದನೆಯ ಪುಟದಲ್ಲಿ ಬೇಕಾದದ್ದನ್ನು ಹುಡುಕಲು ಏನು ಮಾಡುತ್ತೀರಿ ಎಂದು ವೆಬ್‌ಏಮ್ ತನ್ನ ಇತ್ತೀಚಿನ ಸಮೀಕ್ಷೆಗಳಲ್ಲಿ ಸ್ಕ್ರೀನ್ ರೀಡರ್ ಬಳಕೆದಾರರನ್ನು ಕೇಳಿದಾಗ, ಮೂರನೇ ಎರಡು ಪಾಲಿಗಿಂತ ಹೆಚ್ಚಿನವರು ಮೊದಲು ಶೀರ್ಷಿಕೆಗಳನ್ನು ಹಿಡಿದು ಹೋಗುತ್ತೇವೆ ಎಂದಿದ್ದಾರೆ.

ನೀವು ಕಣ್ಣು ಹಾಯಿಸುವುದು ಎನ್ನುತ್ತೀರಲ್ಲ, ಶೀರ್ಷಿಕೆಗಳಿಂದ ನಾವು ಮಾಡುವುದು ಅದನ್ನೇ. ನಿಮ್ಮ ಪುಟದಲ್ಲಿ ನಾನು ಎಚ್ ಒತ್ತಿದಾಗ ಮುಂದಿನ ಶೀರ್ಷಿಕೆ ಇಲ್ಲ ಎಂಬ ಉತ್ತರ ಬಂತು. ‘ವೈದ್ಯರನ್ನು ಆರಿಸಿ’, ‘ದಿನಾಂಕ’, ‘ನಿಮ್ಮ ವಿವರ’ ಎಲ್ಲವೂ ದಪ್ಪಕ್ಷರದ ಡಿವ್‌ಗಳು. ಅವನ್ನು ಎಚ್1, ಎಚ್2 ಟ್ಯಾಗ್‌ಗಳಿಗೆ ಬದಲಿಸಿ. ಕಣ್ಣಿಗೆ ಕಾಣುವ ರೂಪ ಒಂದಿಷ್ಟೂ ಬದಲಾಗದಂತೆ ಇದನ್ನು ಮಾಡಬಹುದು. ನಿಮ್ಮ ಪಟ್ಟಿಯಲ್ಲಿ ಇದು ಮೊದಲ ಕೆಲಸವಾಗಲಿ. ಒಂದು ದಿನದ ದುಡಿಮೆಗೆ ಇದಕ್ಕಿಂತ ಹೆಚ್ಚಿನ ಫಲ ಕೊಡುವ ತಿದ್ದುಪಡಿಯನ್ನು ನಾನು ಕಂಡಿಲ್ಲ.

ಎನ್‌ವಿಡಿಎಯನ್ನು ಮತ್ತೆ ತೆರೆಯುವ ಮುನ್ನ ಇನ್ನೊಂದು ಸಂಗತಿ ತಿಳಿದಿರಲಿ. ಅದಕ್ಕೆ ಎರಡು ವಿಧಾನಗಳಿವೆ. ಪುಟದಲ್ಲಿ ಓಡಾಡುವಾಗ ಎಚ್ ಎಂದರೆ ಶೀರ್ಷಿಕೆ, ಭರ್ತಿ ಪೆಟ್ಟಿಗೆಯೊಳಗೆ ಬರೆಯುವಾಗ ಎಚ್ ಎಂದರೆ ಎಚ್ ಅಕ್ಷರವೇ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಅದು ಎರಡು ಬೇರೆ ಬೇರೆ ಪುಟ್ಟ ಸದ್ದು ಮಾಡುತ್ತದೆ. ಆ ಸದ್ದುಗಳನ್ನು ಗುರುತಿಸಲು ಕಲಿತರೆ ನಿಮ್ಮ ಗೊಂದಲದ ಅರ್ಧ ಪಾಲು ತೀರುತ್ತದೆ. ಸ್ಪೀಚ್ ವ್ಯೂವರ್ ಎಂಬ ಕಿಟಕಿ ತೆರೆದರೆ ಮಾತಾಡಿದ್ದೆಲ್ಲ ಅಕ್ಷರದಲ್ಲೂ ಕಾಣುತ್ತದೆ, ದೋಷ ಹುಡುಕಲು ನಿಮಗೆ ಅಷ್ಟು ಸಾಕು. ಕಣ್ಣು ಮುಚ್ಚಿಕೊಂಡು ಪರೀಕ್ಷಿಸಿ ಇದು ಅಂಧರಿಗೆ ಸುಲಭ ಅಥವಾ ಕಷ್ಟ ಎಂಬ ತೀರ್ಮಾನಕ್ಕೆ ಮಾತ್ರ ಬರಬೇಡಿ. ಅರ್ಧ ಗಂಟೆಯ ಕತ್ತಲೆಗೂ ವರ್ಷಗಳ ಅಭ್ಯಾಸಕ್ಕೂ ಹೋಲಿಕೆಯಿಲ್ಲ. ನಿಮಗೆ ಅಸಾಧ್ಯವೆನಿಸಿದ್ದು ನಮಗೆ ನಿತ್ಯದ ಹಾದಿಯಾಗಿರಬಹುದು. ನಿಮಗೆ ಗಮನಕ್ಕೇ ಬಾರದ ಕಲ್ಲಿಗೆ ನಾವು ಎಡವಬಹುದು.

ದಿನಾಂಕದ ವಿಚಾರಕ್ಕೆ ಬರೋಣ. ಆ ಮಹಿಳೆ ಎರಡೂ ಸಲ ನಿಂತುಹೋದದ್ದು ಅಲ್ಲಿ, ನಾನೂ ನಿಂತದ್ದು ಅಲ್ಲಿಯೇ. ತಿಂಗಳ ಕ್ಯಾಲೆಂಡರ್ ತೆರೆಯಿತು. ಬಾಣದ ಕೀ ಒತ್ತಿದೆ. ‘ದಿನಾಂಕ ಆಯ್ಕೆ ಮಾಡಲು ಈ ಬಟನ್ ಒತ್ತಿ, ಬಟನ್.’ ಮತ್ತೆ ಒತ್ತಿದೆ. ‘ದಿನಾಂಕ ಆಯ್ಕೆ ಮಾಡಲು ಈ ಬಟನ್ ಒತ್ತಿ, ಬಟನ್.’ ಹೀಗೆ 31 ಸಲ. ಏರಿಯಾ-ಲೇಬಲ್ ಒಳಗಿನ ಪಠ್ಯಕ್ಕೆ ಜೊತೆಯಾಗುವುದಿಲ್ಲ, ಅದರ ಜಾಗದಲ್ಲಿ ತಾನು ಕೂರುತ್ತದೆ. ಪರದೆಯಲ್ಲಿ 14 ಎಂದು ಕಾಣುವ ಚೌಕದಲ್ಲಿ 14 ಎಂಬ ಅಂಕಿ ನನ್ನ ಪಾಲಿಗೆ ಅಳಿಸಿಹೋಗಿದೆ. ಲೇಬಲ್ ಬರೆಯುವ ಮುನ್ನ ಕೊನೆಯ ಪಕ್ಷ ಅಂಕಿಯಾದರೂ ಕೇಳಿಸುತ್ತಿತ್ತು. ಯಾವ ದಿನ ವೈದ್ಯರು ಸಿಗುವುದಿಲ್ಲ ಎಂಬುದನ್ನು ನೀವು ಬೂದು ಬಣ್ಣದಲ್ಲಿ ತೋರಿಸಿದ್ದೀರಿ. ಮರದಲ್ಲಿ ಅದರ ಸುಳಿವಿಲ್ಲ.

ಇಲ್ಲಿ ನಿಮ್ಮೆದುರು ಕೆಲವು ದಾರಿಗಳಿವೆ. ಕ್ಯಾಲೆಂಡರನ್ನು ಉಳಿಸಿಕೊಂಡು ಸರಿಯಾಗಿ ಕಟ್ಟುವುದು ಒಂದು: ನಾಲ್ಕು ದಿಕ್ಕಿನ ಬಾಣದ ಕೀಗಳಿಗೂ ಅದು ಸ್ಪಂದಿಸಬೇಕು, ಪ್ರತಿ ಚೌಕ ತನ್ನ ಪೂರ್ಣ ದಿನಾಂಕ ಹೇಳಬೇಕು, ಆರಿಸಿದ ದಿನ ಆರಿಸಲಾಗಿದೆ ಎಂದೂ ಸಿಗದ ದಿನ ಲಭ್ಯವಿಲ್ಲ ಎಂದೂ ತಿಳಿಸಬೇಕು, ಮುಚ್ಚಿದ ಮೇಲೆ ಫೋಕಸ್ ಹೊರಟ ಜಾಗಕ್ಕೇ ಮರಳಬೇಕು. ಮಾಡಬಹುದು. ಆದರೆ ಕೈಯಿಂದ ಕಟ್ಟಿದ ಕ್ಯಾಲೆಂಡರ್ ಎಲ್ಲ ಬ್ರೌಸರ್‌ಗಳಲ್ಲಿ, ಎಲ್ಲ ಸ್ಕ್ರೀನ್ ರೀಡರ್‌ಗಳಲ್ಲಿ, ಫೋನಿನಲ್ಲೂ ಸರಿಯಾಗಿ ನಡೆಯುವುದು ಅಪರೂಪ. ಐದು ಮಂದಿಯ ತಂಡಕ್ಕೆ ಇದು ಭಾರ. ಬ್ರೌಸರ್‌ನದೇ ದಿನಾಂಕದ ಪೆಟ್ಟಿಗೆ ಇನ್ನೊಂದು ದಾರಿ. ಸುಲಭ, ಆದರೆ ಒಂದೊಂದು ಬ್ರೌಸರ್‌ನಲ್ಲಿ ಒಂದೊಂದು ಬಗೆಯಾಗಿ ವರ್ತಿಸುತ್ತದೆ. ದಿನ, ತಿಂಗಳು, ವರ್ಷಕ್ಕೆ ಮೂರು ಸರಳ ಪೆಟ್ಟಿಗೆಗಳು ಜನ್ಮದಿನಾಂಕದಂಥ ಮೊದಲೇ ಗೊತ್ತಿರುವ ದಿನಕ್ಕೆ ಬಹಳ ಚೆನ್ನ. ಯಾವ ದಿನ ಬಿಡುವಿದೆಯೆಂದು ತಿಳಿಯದೆ ಹುಡುಕುವವರಿಗೆ ಅದು ನೆರವಾಗದು.

ನನ್ನ ಸಲಹೆ ಬೇರೆಯೇ ಇದೆ. ಕ್ಯಾಲೆಂಡರ್ ಏತಕ್ಕಾಗಿ ಅಲ್ಲಿದೆ ಎಂದು ಕೇಳಿಕೊಳ್ಳಿ. ರೋಗಿಗೆ ಬೇಕಿರುವುದು ತಿಂಗಳ ಚಿತ್ರವಲ್ಲ, ವೈದ್ಯರು ಸಿಗುವ ಸಮಯ. ಹಾಗಿದ್ದರೆ ಅದನ್ನೇ ಕೊಡಿ. ‘ಸೋಮವಾರ, ಮಾರ್ಚ್ 10’ ಎಂಬ ಶೀರ್ಷಿಕೆ, ಅದರ ಕೆಳಗೆ ರೇಡಿಯೊ ಬಟನ್‌ಗಳು: ‘ಬೆಳಿಗ್ಗೆ 10:15’, ‘ಬೆಳಿಗ್ಗೆ 11’, ‘ಸಂಜೆ 4:30’. ಬಿಡುವಿಲ್ಲದ ದಿನ ಪಟ್ಟಿಯಲ್ಲೇ ಇರುವುದಿಲ್ಲ. ಕೊನೆಯಲ್ಲಿ ‘ಮುಂದಿನ ವಾರ’ ಎಂಬ ಬಟನ್. ನಾನು ಎಚ್ ಒತ್ತುತ್ತ ದಿನದಿಂದ ದಿನಕ್ಕೆ ಹೋಗುತ್ತೇನೆ, ಬಾಣದ ಕೀಯಿಂದ ಸಮಯದಿಂದ ಸಮಯಕ್ಕೆ. ಸ್ಕ್ರೀನ್ ರೀಡರ್ ‘3ರಲ್ಲಿ 2’ ಎಂದು ತಾನೇ ಎಣಿಕೆ ಹೇಳುತ್ತದೆ, ಇನ್ನೆಷ್ಟು ಉಳಿದಿದೆ ಎಂದು ನನಗೆ ಗೊತ್ತಾಗುತ್ತದೆ. ಕಣ್ಣಿಲ್ಲದವರಿಗಾಗಿ ವಿನ್ಯಾಸ ಮಾಡುವುದೆಂದರೆ ಕಣ್ಣಿಗಾಗಿ ಮಾಡಿದ ಚಿತ್ರವನ್ನು ಮಾತಿನಲ್ಲಿ ವರ್ಣಿಸುವುದು ಎಂದು ತಿಳಿದವರೇ ಹೆಚ್ಚು. ನಾನು ಈ ಉದ್ಯೋಗದಲ್ಲಿ ಕಲಿತದ್ದು, ಚಿತ್ರ ಯಾವ ಕೆಲಸ ಮಾಡುತ್ತಿದೆಯೋ ಆ ಕೆಲಸವನ್ನು ಹಿಡಿದರೆ ವರ್ಣನೆಯ ಅಗತ್ಯವೇ ಬರುವುದಿಲ್ಲ. ಈ ಪಟ್ಟಿಯನ್ನು ಪುಟ್ಟ ಪರದೆಯ ಫೋನಿನಲ್ಲಿ ಹೆಬ್ಬೆರಳಿನಿಂದ ಒತ್ತುವ, ಕಣ್ಣಿರುವ ರೋಗಿಯೂ ಕ್ಯಾಲೆಂಡರ್‌ಗಿಂತ ಬೇಗ ಮುಗಿಸುತ್ತಾರೆ.

ಕೊನೆಯ ಗುಂಡಿಯ ನಂತರದ ಮೌನದ ಬಗ್ಗೆ ನನ್ನದೇ ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಪ್ರಯಾಣದ ಟಿಕೆಟ್ ಕಾಯ್ದಿರಿಸುತ್ತಿದ್ದೆ. ‘ದೃಢೀಕರಿಸಿ’ ಒತ್ತಿದೆ. ಏನೂ ಕೇಳಿಸಲಿಲ್ಲ. ಹತ್ತು ಸೆಕೆಂಡು ಕಾದೆ. ಎಚ್ ಒತ್ತಿದೆ, ಹಳೆಯ ಶೀರ್ಷಿಕೆಗಳೇ. ಗುಂಡಿ ಅಲ್ಲೇ ಇತ್ತು, ಮತ್ತೆ ಒತ್ತಿದೆ. ಎರಡು ಟಿಕೆಟ್‌ಗಳ ಹಣ ಹೋಯಿತು. ಪುಟದ ಮೇಲ್ತುದಿಯಲ್ಲಿ ಹಸಿರು ಪಟ್ಟಿಯೊಂದು ಮೂಡಿ ಮಾಯವಾಗಿತ್ತೆಂದು ಸಹಾಯವಾಣಿಯವರು ಆಮೇಲೆ ಹೇಳಿದರು. ನಿಮ್ಮ ಪುಟದಲ್ಲಿ ಆಗುತ್ತಿರುವುದೂ ಅಕ್ಷರಶಃ ಇದೇ, ಪಟ್ಟಿಯ ಬಣ್ಣ ಮಾತ್ರ ನೀಲಿ. ಆ ಮಹಿಳೆ ಎರಡು ಸಲ ಸಮಯ ಕಾಯ್ದಿರಿಸಿದ್ದಾರೆಯೇ ಎಂದು ನಿಮ್ಮ ದಾಖಲೆಗಳಲ್ಲಿ ದಯವಿಟ್ಟು ನೋಡಿ.

ಪರಿಹಾರ ಕಷ್ಟವಿಲ್ಲ. ಕೆಲಸ ಮುಗಿದಿದ್ದರೆ ಹೊಸ ಪುಟಕ್ಕೆ ಕರೆದೊಯ್ಯಿರಿ, ಅದರ ಹೆಸರೇ ‘ನಿಮ್ಮ ಭೇಟಿ ನಿಗದಿಯಾಗಿದೆ’ ಎಂದಿರಲಿ. ಅದೇ ಪುಟದಲ್ಲಿ ಉಳಿಯಬೇಕಿದ್ದರೆ ಸ್ಟೇಟಸ್ ಎಂಬ ಪಾತ್ರದ (ಕೋಡ್‌ನಲ್ಲಿ ‘ರೋಲ್’) ಖಾಲಿ ಜಾಗವೊಂದನ್ನು ಪುಟ ತೆರೆದಾಗಲೇ ಇಟ್ಟಿರಿ, ಆಮೇಲೆ ಅದರೊಳಗೆ ಸಂದೇಶ ಬರೆಯಿರಿ. ಫೋಕಸ್ ಎಲ್ಲಿದ್ದರೂ ಸ್ಕ್ರೀನ್ ರೀಡರ್ ಅದನ್ನು ಹೇಳುತ್ತದೆ. ಜಾಗವನ್ನೂ ಸಂದೇಶವನ್ನೂ ಒಟ್ಟಿಗೆ ಸೃಷ್ಟಿಸಿದರೆ ಹಲವು ಸಲ ಹೇಳುವುದಿಲ್ಲ, ಡೆವಲಪರ್‌ಗಳು ಹೆಚ್ಚಾಗಿ ತಪ್ಪುವುದು ಇಲ್ಲಿ. ಭರ್ತಿಯಲ್ಲಿ ತಪ್ಪಿದ್ದರೆ ಫೋಕಸನ್ನು ಮೊದಲ ತಪ್ಪಿನ ಪೆಟ್ಟಿಗೆಗೆ ಒಯ್ದು, ತಪ್ಪೇನೆಂಬ ಸಾಲನ್ನು ಆ ಪೆಟ್ಟಿಗೆಗೆ ಜೋಡಿಸಿ. ಮಾತನ್ನು ತಡೆದು ನುಗ್ಗುವ ಅಲರ್ಟ್ ಎಂಬ ಪಾತ್ರವೂ ಇದೆ, ಅದನ್ನು ನಿಜವಾದ ತುರ್ತಿಗೆ ಮೀಸಲಿಡಿ. ನಿಮ್ಮ ಪುಟದಲ್ಲಿ ‘ಇನ್ನು 9 ನಿಮಿಷ 58 ಸೆಕೆಂಡು’ ಎನ್ನುವ ಗಡಿಯಾರಕ್ಕೆ ಅದನ್ನು ಕೊಟ್ಟಿದ್ದೀರಿ. ಪ್ರತಿ ಸೆಕೆಂಡಿಗೂ ಅದು ನನ್ನ ಕೆಲಸದ ನಡುವೆ ಬಂದು ಬೀಳುತ್ತಿತ್ತು. ಹೆಸರು ಬರೆಯುವಷ್ಟೂ ಬಿಡುವಿಲ್ಲ. ಆ ಮಹಿಳೆ ‘ಮಾತು ನಿಲ್ಲಿಸುವುದಿಲ್ಲ’ ಎಂದದ್ದು ಬಹುಶಃ ಇದನ್ನೇ. ಎರಡು ನಿಮಿಷ ಉಳಿದಾಗ ಒಮ್ಮೆ ತಿಳಿಸಿ, ಜೊತೆಗೆ ಸಮಯ ಹೆಚ್ಚಿಸಿಕೊಳ್ಳುವ ಬಟನ್ ಕೊಡಿ.

98 ಅಂಕದ ಬಗ್ಗೆ. ಯಂತ್ರ ಲೇಬಲ್ ಇದೆಯೇ ಎಂದು ನೋಡುತ್ತದೆ, ಲೇಬಲ್‌ನಿಂದ ಪ್ರಯೋಜನವಿದೆಯೇ ಎಂದು ಅದಕ್ಕೆ ತಿಳಿಯದು. 31 ಚೌಕಗಳಿಗೂ ಹೆಸರಿತ್ತು, ಆದ್ದರಿಂದ 31ಕ್ಕೂ ಅಂಕ ಬಂತು. 2019ರಲ್ಲಿ ಒಬ್ಬ ವೆಬ್ ಡೆವಲಪರ್, ಯಾರಿಗೂ ಬಳಸಲಾಗದಂತೆ ಬೇಕೆಂದೇ ಕೆಡಿಸಿದ ಪುಟವೊಂದನ್ನು ಕಟ್ಟಿ, ಲೈಟ್‌ಹೌಸ್ ಎಂಬ ಪರೀಕ್ಷಾ ಸಾಧನದಿಂದ ಅದಕ್ಕೆ 100ಕ್ಕೆ 100 ಅಕ್ಸೆಸಿಬಿಲಿಟಿ ಅಂಕ ಪಡೆದು ತೋರಿಸಿದರು. ಈ ಸಾಧನಗಳನ್ನು ಬಿಡಬೇಡಿ. ಮರೆತುಹೋದ ಲೇಬಲ್, ಮಸುಕಾದ ಬಣ್ಣ ಹಿಡಿಯಲು ಅವು ಒಳ್ಳೆಯವು. 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯುಸಿಎಜಿ 2.2 ಎಂಬ, ಡಬ್ಲ್ಯು3ಸಿಯ ಅಕ್ಸೆಸಿಬಿಲಿಟಿ ನಿಯಮಾವಳಿಯನ್ನೂ ಓದಿ. ಕಾಣುವ ಹೆಸರು ಕೇಳುವ ಹೆಸರಿನೊಳಗೆ ಇರಬೇಕೆಂಬ ನಿಯಮ ಅದರಲ್ಲಿದೆ. ಧ್ವನಿಯಿಂದ ಕಂಪ್ಯೂಟರ್ ನಡೆಸುವವರು ಪರದೆಯಲ್ಲಿ ಕಂಡ ಹೆಸರನ್ನೇ ಕೂಗುತ್ತಾರೆ. ನಿಮ್ಮ ಲೇಬಲ್‌ಗಳು ಅವರಿಗೂ ಅಡ್ಡಿಯಾಗುತ್ತಿವೆ.

ನಿಮ್ಮ ವ್ಯವಸ್ಥಾಪಕರ ಎರಡು ಸಲಹೆಗಳು ಒಳ್ಳೆಯ ಮನಸ್ಸಿನಿಂದಲೇ ಬಂದಿವೆ, ಅದಕ್ಕೇ ಅವುಗಳ ಅಪಾಯವನ್ನು ನೇರವಾಗಿ ಹೇಳುತ್ತೇನೆ. ಬೇರೆ ಪುಟ ಮೊದಲ ತಿಂಗಳು ಚೆನ್ನಾಗಿರುತ್ತದೆ. ಆಮೇಲೆ ಹೊಸ ಸೌಲಭ್ಯ ಬರುವುದು ಮುಖ್ಯ ಪುಟಕ್ಕೆ ಮಾತ್ರ, ಇದಕ್ಕೆ ಬಿಡುವಾದಾಗ. ಹಾಗೆ ಹಿಂದುಳಿದು ಕೊನೆಗೆ ಸುಮ್ಮನೆ ಮುಚ್ಚಿಹೋದ ಬೇರೆ ಪುಟಗಳನ್ನು ನಾನು ಬಳಸಿದ್ದೇನೆ. ಅಲ್ಲಿಗೆ ಹೋಗುವುದೆಂದರೆ ನನ್ನ ಅಂಧತ್ವವನ್ನು ಜಾಲತಾಣಕ್ಕೆ ಹೇಳಿಕೊಂಡಂತೆಯೂ ಹೌದು, ಅದನ್ನು ಹೇಳಬೇಕೋ ಬೇಡವೋ ಎಂಬುದು ನನ್ನ ಆಯ್ಕೆಯಾಗಿರಬೇಕು. ವಿಜೆಟ್‌ಗಳು ನಿಮ್ಮ ಪುಟದ ಮೇಲೆ ತಮ್ಮದೊಂದು ಪದರ ಹೊದಿಸಿ, ಹೆಸರಿಲ್ಲದ್ದಕ್ಕೆ ಊಹೆಯಿಂದ ಹೆಸರಿಡುತ್ತವೆ, ಕೆಲವು ತಾವೇ ಮಾತಾಡುತ್ತವೆ. ನನ್ನ ಬಳಿ ಆಗಲೇ ಸ್ಕ್ರೀನ್ ರೀಡರ್ ಇದೆ. ಎರಡು ಧ್ವನಿಗಳು ಒಟ್ಟಿಗೆ ಮಾತಾಡಿದರೆ ಒಂದೂ ಕೇಳಿಸುವುದಿಲ್ಲ. ಕೃತಕ ಬುದ್ಧಿಮತ್ತೆಯಿಂದ ಯಾವುದೇ ಜಾಲತಾಣವನ್ನು ನಿಯಮಕ್ಕೆ ತಕ್ಕಂತೆ ಮಾಡುತ್ತೇವೆ ಎಂದು ಹೇಳಿಕೊಂಡಿದ್ದ ಆಕ್ಸೆಸಿಬಿ ಕಂಪನಿಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ 10 ಲಕ್ಷ ಡಾಲರ್ ಕಟ್ಟುವಂತೆ ಆದೇಶಿಸಿತು. ಕ್ಯಾಲೆಂಡರ್‌ನ 31 ಚೌಕಗಳನ್ನು ಯಾವ ವಿಜೆಟ್ಟೂ ಸಮಯಗಳ ಪಟ್ಟಿಯಾಗಿಸುವುದಿಲ್ಲ. ಆ ಹಣದಲ್ಲಿ ಈ ತಿದ್ದುಪಡಿಗಳಿಗೆಂದೇ ನಿಮಗೆ ಎರಡು ವಾರದ ಬಿಡುವು ಮಾಡಿಕೊಡಲು ವ್ಯವಸ್ಥಾಪಕರನ್ನು ಕೇಳಿ.

ಸಣ್ಣದೊಂದು ಉಳಿದಿದೆ. ನಿಮ್ಮ ಪುಟ ಕನ್ನಡದಲ್ಲಿದ್ದರೂ ಅದರ ಭಾಷೆ ಇಂಗ್ಲಿಷ್ ಎಂದು ಕೋಡ್‌ನ ಮೊದಲ ಸಾಲು ಹೇಳುತ್ತಿದೆ, ಸಿದ್ಧ ಮಾದರಿಯಿಂದ ಹಾಗೇ ಬಂದಿರಬೇಕು. ಸ್ಕ್ರೀನ್ ರೀಡರ್ ಅದನ್ನು ನಂಬಿ ಕನ್ನಡವನ್ನು ಇಂಗ್ಲಿಷ್ ಧ್ವನಿಗೆ ಒಪ್ಪಿಸುತ್ತದೆ. ಕೆಲವು ಧ್ವನಿಗಳು ಕನ್ನಡ ಅಕ್ಷರಗಳನ್ನು ಹಾರಿಸಿಯೇ ಬಿಡುತ್ತವೆ. ಎರಡಕ್ಷರದ ಕೆಎನ್ ಎಂಬ ಸಂಕೇತ ಹಾಕಿದರೆ ಸರಿಹೋಗುತ್ತದೆ. ನೀವು ಕೊಡುವ ಪಿಡಿಎಫ್ ರಸೀದಿ ಯುನಿಕೋಡ್ ಅಲ್ಲದ ಹಳೆಯ ಫಾಂಟ್‌ನಲ್ಲಿದೆ. ಕಣ್ಣಿಗೆ ಕನ್ನಡ, ಕಿವಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳು. ಅದನ್ನೂ ಬದಲಿಸಿ.

ಆ ಮಹಿಳೆಗೆ ಇಂದೇ ಉತ್ತರ ಬರೆಯಿರಿ, ಎಲ್ಲ ಸರಿಯಾಗುವವರೆಗೆ ಕಾಯಬೇಡಿ. ಒಮ್ಮೆ ಎಡವಿದ ಜಾಲತಾಣಕ್ಕೆ ನಮ್ಮಲ್ಲಿ ಹೆಚ್ಚಿನವರು ಮರಳುವುದಿಲ್ಲ, ಅವರು ಎರಡು ಸಲ ಬರೆದಿದ್ದಾರೆ. ಯಾವ ಸ್ಕ್ರೀನ್ ರೀಡರ್, ಯಾವ ಬ್ರೌಸರ್, ಫೋನೋ ಕಂಪ್ಯೂಟರೋ, ನಿಂತುಹೋಗುವ ಮುನ್ನ ಕೊನೆಯದಾಗಿ ಏನು ಕೇಳಿಸಿತು ಎಂದು ವಿಚಾರಿಸಿ. ಒಪ್ಪಿದರೆ ಅವರ ಸಮಯಕ್ಕೆ ಸಂಭಾವನೆ ಕೊಟ್ಟು, ಅವರು ಕಾಯ್ದಿರಿಸುವಾಗ ಪಕ್ಕದಲ್ಲಿ ಅಥವಾ ಕರೆಯಲ್ಲಿ ಕುಳಿತು ಕೇಳಿ. ಅವರು ತಡವರಿಸಿದಾಗ ‘ಅಲ್ಲೇ ಕೆಳಗಿದೆ’ ಎನ್ನಬೇಕೆಂದು ನಿಮಗೆ ಅನ್ನಿಸುತ್ತದೆ, ತಡೆದುಕೊಳ್ಳಿ, ಆ ಜಾಗವನ್ನು ಗುರುತು ಹಾಕಿಕೊಳ್ಳಿ. ಬದಲಾವಣೆ ಆದ ಮೇಲೆ ಅದನ್ನು ತೋರಿಸಲು ಪರದೆಯ ಚಿತ್ರ ಲಗತ್ತಿಸಬೇಡಿ. ‘ನಿಮ್ಮ ಭೇಟಿಯ ಸಮಯ’ ಎಂಬ ಶೀರ್ಷಿಕೆಯ ಕೆಳಗೆ ಈಗ ದಿನಗಳ ಪಟ್ಟಿಯಿದೆ ಎಂದು ಬರೆದರೆ ಸಾಕು, ಎಚ್ ಒತ್ತುತ್ತ ಅವರೇ ಅಲ್ಲಿಗೆ ಹೋಗುತ್ತಾರೆ.